ಹತ್ತು ಅಂಕದ ಮಲೆನಾಡು: ಸಂಶೋಧನೆಯ ಹಣ ಯಾರಿಗೆ, ಯಾವ ಲೆಕ್ಕದಲ್ಲಿ?

(ಒಂದು ಚರ್ಚೆ. ಪ್ರತಿ ಮಾತಿನ ಮೇಲಿರುವುದು ಬರೆದವರ ಗುಪ್ತನಾಮ.)

ತುಂಗಾತೀರ

ತೀರ್ಥಹಳ್ಳಿ ತಾಲ್ಲೂಕಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಕಳೆದ ವರ್ಷ ನಮ್ಮ ಭಾಗದ ಕಾಲೇಜುಗಳಿಗೆಂದೇ ಸಂಶೋಧನಾ ಅನುದಾನಕ್ಕೆ ಅರ್ಜಿ ಕರೆದಿದ್ದರು. ಕರೆದ ಸಂಸ್ಥೆಯ ಹೆಸರು ಇಲ್ಲಿ ಬೇಡ, ನನ್ನ ಪ್ರಶ್ನೆ ಒಂದು ಸಂಸ್ಥೆಯದ್ದಲ್ಲ.

ನಾನು ಆರಿಸಿಕೊಂಡದ್ದು ಅಡಿಕೆಯ ಎಲೆಚುಕ್ಕೆ ರೋಗ. ತೀರ್ಥಹಳ್ಳಿಯಿಂದ ಹೊಸನಗರದವರೆಗೆ 12 ತೋಟಗಳಲ್ಲಿ, ಮರದ ಮೂರು ಎತ್ತರದಲ್ಲಿ ಗಾಜಿನ ಸ್ಲೈಡ್‌ಗಳನ್ನು ಕಟ್ಟುವುದು, ಎಲೆಯಿಂದ ತೊಟ್ಟಿಕ್ಕುವ ನೀರನ್ನು ಬಾಟಲಿಯಲ್ಲಿ ಹಿಡಿಯುವುದು, ಎಂತಹ ಮಳೆಗೆ ರೋಗದ ಶಿಲೀಂಧ್ರದ ಎಷ್ಟು ಬೀಜಕಣಗಳು ಹರಡುತ್ತವೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು. ಎರಡು ವರ್ಷ, 9,60,000 ರೂಪಾಯಿ. ಇದು ಗೊತ್ತಾದರೆ ಔಷಧಿ ಯಾವಾಗ ಹೊಡೆಯಬೇಕು ಎನ್ನುವುದಕ್ಕೆ ಪಂಚಾಂಗಕ್ಕಿಂತ ಗಟ್ಟಿಯಾದ ಆಧಾರ ಸಿಗುತ್ತಿತ್ತು.

ಒಬ್ಬ ಪರಿಶೀಲಕರು 84 ಅಂಕ ಕೊಟ್ಟರು, ಇನ್ನೊಬ್ಬರು 41. ಸರಾಸರಿ 62.5. ಆಯ್ಕೆಗೆ ಬೇಕಿದ್ದದ್ದು 65. ಕಾರಣದ ಜಾಗದಲ್ಲಿ ಒಂದೇ ಸಾಲು: ‘ನಾವೀನ್ಯತೆ ಸಾಲದು.’

ಸೋತದ್ದಕ್ಕೆ ದುಃಖವಿದೆ, ಮುಚ್ಚಿಡುವುದಿಲ್ಲ. ಆದರೆ ಆ ಪ್ರಕಟಣೆಯ ಕೊನೆಯ ಪುಟದಲ್ಲಿದ್ದ ಅಂಕಗಳ ಹಂಚಿಕೆಯನ್ನು ಈಗ ಮತ್ತೆ ಓದಿದಾಗ ಬೇರೆಯೇ ಒಂದು ಸಂಗತಿ ಕಂಡಿತು. ಪ್ರಧಾನ ಸಂಶೋಧಕರ ಹಿಂದಿನ ಸಾಧನೆಗೆ 30, ನಾವೀನ್ಯತೆಗೆ 25, ಸಂಸ್ಥೆಯ ಸೌಲಭ್ಯಕ್ಕೆ 20, ವಿಧಾನಕ್ಕೆ 15, ಪ್ರದೇಶಕ್ಕೆ ಆಗುವ ಪ್ರಯೋಜನಕ್ಕೆ 10. ನನ್ನ ಪ್ರಸ್ತಾವನೆಯ ಮೊದಲ ಪುಟ ತೆರೆಯುವ ಮುನ್ನವೇ 50 ಅಂಕಗಳ ತೀರ್ಮಾನ ಆಗಿಹೋಗಿರುತ್ತದೆ. ಮಲೆನಾಡಿನ ಹೆಸರಿನಲ್ಲಿ ಕರೆದ ಅರ್ಜಿಯಲ್ಲಿ ಮಲೆನಾಡಿಗೆ ಹತ್ತು ಅಂಕ. ಇದು ಸರಿಯೇ?

ಹಾಳೆಟೊಪ್ಪಿ

ಮೇಡಂ, ನಾನು ಹೊಸನಗರದ ಕಡೆಯ ಬೆಳೆಗಾರ, ನಾಲ್ಕು ಎಕರೆ ತೋಟ. ಅಂಕದ ಲೆಕ್ಕ ನನಗೆ ತಿಳಿಯದು. ಎಲೆಚುಕ್ಕೆ ಬಂದ ಮೇಲೆ ತೋಟದ ನೆರಳೇ ತೆಳುವಾಗಿದೆ ಎನ್ನುವುದು ಮಾತ್ರ ಚೆನ್ನಾಗಿ ತಿಳಿದಿದೆ. ಕೆಳಗಿನ ಹೆಡಲುಗಳು ಸುಟ್ಟ ಹಾಗೆ ಒಣಗಿ ಜೋತು ಬೀಳುತ್ತವೆ. ಕೊನೆಗಾರ ಮರ ಹತ್ತಿ ಇಳಿದು ‘ಮೇಲೆ ಹಸಿರೇ ಇಲ್ಲ’ ಎಂದ ದಿನ ನಾನು ಮನೆಯಲ್ಲಿ ಯಾರಿಗೂ ಹೇಳದೆ ಸುಮ್ಮನಿದ್ದೆ.

ನನ್ನ ಪ್ರಶ್ನೆ ಒಂದೇ. ಅರ್ಜಿ ಕರೆಯುವಾಗ ಯಾವ ವಿಷಯಗಳಿಗೆ ಹಣ ಎಂದು ಪಟ್ಟಿ ಬರೆದವರು ಯಾರು? ಬರೆಯುವ ಮೊದಲು ನಮ್ಮ ಕಡೆಯ ಒಬ್ಬರನ್ನಾದರೂ ಕೇಳಿದ್ದರೇ?

ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಕಥೆಯನ್ನೇ ನೋಡಿ. ಮೈಸೂರು ಸರ್ಕಾರ 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಅವರನ್ನು ಕರೆಸಿಕೊಂಡಿತು. ಅವರು ಮಲೆನಾಡಿನ ತೋಟಗಳಿಗೇ ಬಂದು ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಅವರು ತೋರಿಸಿಕೊಟ್ಟ ಬೋರ್ಡೋ ದ್ರಾವಣವನ್ನೇ ನಾನು ಈ ವರ್ಷವೂ ಹೊಡೆಸಿದ್ದೇನೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ತಾಮ್ರದ ಕೆಂಪು ಅಂಟಿದ್ದರೆ ಇನ್ನಷ್ಟು ಸುಣ್ಣ ಬೇಕು ಎಂದು ಲೆಕ್ಕ. ನೂರು ವರ್ಷ ದಾಟಿದರೂ ನಡೆಯುತ್ತಿರುವ ಸಂಶೋಧನೆ ಅದು. ಅವರಿಗೆ ಯಾರು ನಾವೀನ್ಯತೆಯ ಅಂಕ ಕೊಟ್ಟಿದ್ದರು?

ಮಾಜಿ ಪರಿಶೀಲಕ

ಹಾಳೆಟೊಪ್ಪಿಯವರೇ, ಕೋಲ್ಮನ್ ಅವರ ಬಗ್ಗೆ ನಿಮಗಿರುವ ಗೌರವ ನನಗೂ ಇದೆ. ಆದರೆ ಅಂದು ಒಬ್ಬ ವಿಜ್ಞಾನಿ, ಒಂದು ಸರ್ಕಾರ, ಕಣ್ಣೆದುರಿಗೆ ಒಂದು ರೋಗ. ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ನಾನು ಕೂತಿದ್ದ ಕೊನೆಯ ಸಮಿತಿಯ ಮುಂದೆ 180 ಪ್ರಸ್ತಾವನೆಗಳಿದ್ದವು, ಹಣ ಇದ್ದದ್ದು 12ಕ್ಕೆ. 168 ಜನರಿಗೆ ಇಲ್ಲ ಎನ್ನಲೇಬೇಕು. ಯಾವ ಅಳತೆಗೋಲೂ ಇಲ್ಲದೆ ಹಾಗೆನ್ನುವುದು ಇನ್ನೂ ದೊಡ್ಡ ಅನ್ಯಾಯ.

ಒಳಗೆ ನಡೆಯುವುದನ್ನು ಹೇಳುತ್ತೇನೆ. ಮೊದಲು ಕಚೇರಿಯಲ್ಲಿ ಅರ್ಹತೆಯ ಜಾಲಾಟ: ವಯಸ್ಸು, ಪದವಿ, ಪ್ರಾಂಶುಪಾಲರ ಸಹಿ, ಹಳೆಯ ಪ್ರಾಜೆಕ್ಟಿನ ಹಣ ಬಳಕೆ ಪ್ರಮಾಣಪತ್ರ. ಇಲ್ಲೇ ಎಷ್ಟೋ ಅರ್ಜಿಗಳು ಬಿದ್ದುಹೋಗುತ್ತವೆ, ಹೆಚ್ಚಿನವು ಸಹಿ ಇಲ್ಲದ್ದಕ್ಕೆ. ಉಳಿದದ್ದು ಹೊರಗಿನ ಇಬ್ಬರು ಪರಿಶೀಲಕರಿಗೆ ಹೋಗುತ್ತದೆ. ಅವರು ಅಂಕ ಕೊಟ್ಟ ಮೇಲೆ ತಜ್ಞರ ಸಮಿತಿ ಸೇರುತ್ತದೆ. ಆ ದಿನ ಒಂದೊಂದು ಪ್ರಸ್ತಾವನೆಗೆ ಸಿಗುವುದು ಎಂಟು ನಿಮಿಷ. ಸಂಜೆ ನಾಲ್ಕರ ನಂತರ ಅದು ಐದಕ್ಕೆ ಇಳಿಯುತ್ತದೆ. ಇದನ್ನು ಹೇಳಲು ನನಗೆ ಸಂಕೋಚವಿದೆ, ಆದರೆ ಇದು ನಿಜ.

ಇನ್ನು ಸೌಲಭ್ಯಕ್ಕೆ 20 ಅಂಕ ಏಕೆ? ಒಂದು ಕಾಲೇಜಿಗೆ ಡಿಎನ್‌ಎ ಪರೀಕ್ಷೆಗೆ ಬಳಸುವ ಪಿಸಿಆರ್ ಯಂತ್ರ ಮಂಜೂರಾಗಿತ್ತು. ಎರಡು ವರ್ಷದ ನಂತರ ನಾವು ತಪಾಸಣೆಗೆ ಹೋದಾಗ ಅದು ಥರ್ಮೋಕೋಲಿನ ಪೊಟ್ಟಣದಿಂದ ಹೊರಗೇ ಬಂದಿರಲಿಲ್ಲ. ಕರೆಂಟು ಪದೇ ಪದೇ ಹೋಗುತ್ತಿತ್ತು, ಯುಪಿಎಸ್‌ಗೆ ಹಣ ಕೇಳಿರಲಿಲ್ಲ. ಸಾರ್ವಜನಿಕರ ಹಣ ಹಾಗೆ ಪೊಟ್ಟಣದಲ್ಲಿ ಕೊಳೆಯಬಾರದು ಎಂದೇ ಆ ಅಂಕಗಳು ಬಂದವು. ಮತ್ತೊಂದು ಮಾತು. ಪ್ರದೇಶಕ್ಕೆ ಹೆಚ್ಚು ಅಂಕ ಇಟ್ಟಾಗ ಶೀರ್ಷಿಕೆಯಲ್ಲಿ ‘ಮಲೆನಾಡು’ ಎಂದು ಸೇರಿಸಿ ಹಳೆಯ ಪ್ರಸ್ತಾವನೆಯನ್ನೇ ಕಳುಹಿಸಿದವರನ್ನು ನಾನು ಕಂಡಿದ್ದೇನೆ, ಒಬ್ಬಿಬ್ಬರನ್ನಲ್ಲ.

ತುಂಗಾತೀರ

ಸರ್, ನನ್ನ ಕೆಲಸಕ್ಕೆ ಪಿಸಿಆರ್ ಬೇಡ. ಸ್ಲೈಡ್, ಬಾಟಲಿ, ಮಳೆಮಾಪಕ, ಒಂದು ಸೂಕ್ಷ್ಮದರ್ಶಕ ಮತ್ತು ಕೆಸರಿಗೆ ಹೆದರದ ಇಬ್ಬರು ವಿದ್ಯಾರ್ಥಿಗಳು ಸಾಕು. ಬೇಡದ ಯಂತ್ರ ನಮ್ಮಲ್ಲಿಲ್ಲ ಎನ್ನುವುದಕ್ಕೆ ನನ್ನ ಅಂಕ ಕಳೆದರು.

ಕಾನುಮನೆ

ರಿಪ್ಪನ್‌ಪೇಟೆಯವನು, ಬೆಂಗಳೂರಿನಲ್ಲಿ ದತ್ತಾಂಶ ವಿಶ್ಲೇಷಣೆಯ ಕೆಲಸ. 84 ಮತ್ತು 41 ಎನ್ನುವ ಅಂತರ ನೋಡಿ ಗಾಬರಿಯಾಗಬೇಡಿ, ಇದು ನಮ್ಮ ಊರಿನ ಕಾಯಿಲೆ ಅಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪದ್ಧತಿಯನ್ನೇ ಅನುಸರಿಸಿ 43 ಪರಿಶೀಲಕರಿಗೆ 25 ಪ್ರಸ್ತಾವನೆಗಳನ್ನು ಕೊಟ್ಟು ನೋಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಒಂದೇ ಪ್ರಸ್ತಾವನೆಯನ್ನು ಓದಿದವರ ಅಂಕಗಳಲ್ಲಿ ಹೊಂದಾಣಿಕೆ ಎನ್ನುವುದೇ ಇರಲಿಲ್ಲ. ಅವೆಲ್ಲ ಒಳ್ಳೆಯ ಪ್ರಸ್ತಾವನೆಗಳೇ. ತೀರಾ ಕೆಟ್ಟದ್ದನ್ನು ಎಲ್ಲರೂ ಗುರುತಿಸುತ್ತಾರೆ. ಒಳ್ಳೆಯದರಲ್ಲಿ ಯಾವುದು ಹೆಚ್ಚು ಒಳ್ಳೆಯದು ಎನ್ನುವಲ್ಲಿ ತಕ್ಕಡಿ ಅಲ್ಲಾಡುತ್ತದೆ.

ಆದ್ದರಿಂದಲೇ ಕೆಲವು ಕಡೆ ಚೀಟಿ ಎತ್ತುತ್ತಾರೆ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಲ್ಲೇ ಒಂದು ಬಗೆಯ ಅನುದಾನಕ್ಕೆ ಹೀಗೆ ಮಾಡಲು ಶುರು ಮಾಡಿತು. ಜರ್ಮನಿಯ ಫೋಕ್ಸ್‌ವಾಗನ್ ಪ್ರತಿಷ್ಠಾನ 2017ರಲ್ಲಿ ಪ್ರಯೋಗ ಮಾಡಿತು. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಗಡಿಯಲ್ಲಿ ಸಮನಾಗಿ ನಿಂತವುಗಳಿಗೆ 2021ರಿಂದ ಇದನ್ನು ಒಪ್ಪಿಕೊಂಡಿದೆ. 60ರಿಂದ 70ರ ನಡುವೆ ಬಂದ ಪ್ರಸ್ತಾವನೆಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ ಎತ್ತಿದರೆ 62.5ಕ್ಕೂ 65ಕ್ಕೂ ನಡುವೆ ಇಲ್ಲದ ಗೋಡೆಯನ್ನು ಕಟ್ಟಿದಂತಾಗುವುದಿಲ್ಲ.

ಹಾಳೆಟೊಪ್ಪಿ

ಚೀಟಿ ಎತ್ತುವುದು ನನಗೆ ಒಪ್ಪಿಗೆಯಿಲ್ಲ. ಚೀಟಿ ಫಂಡಿನಲ್ಲಿ ಹೆಸರು ಎತ್ತುವ ಹಾಗೆ ನಮ್ಮ ರೋಗದ ಔಷಧಿಯನ್ನೂ ಎತ್ತುವುದೇ? ಓದಿದವರು ಕೂತು ಓದಲಿ. ಎಂಟು ನಿಮಿಷ ಸಾಲದಿದ್ದರೆ ಮೂರು ದಿನ ಕೂರಲಿ.

ಆರೋಗ್ಯ ಸಹಾಯಕಿ, ಸಾಗರ

ಹಾಳೆಟೊಪ್ಪಿಯವರು ಮೊದಲು ಕೇಳಿದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಪಟ್ಟಿ ಬರೆದವರು ಯಾರು?

ನಾನು ಮಂಗನ ಕಾಯಿಲೆಯ ಕೆಲಸದಲ್ಲಿ ಇರುವವಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಅದು ಹಳದಿ ಜ್ವರ ಇರಬಹುದು, ಏಷ್ಯಾಕ್ಕೂ ಕಾಲಿಟ್ಟಿರಬಹುದು ಎಂಬ ಅನುಮಾನ ಅವರನ್ನು ಅಷ್ಟು ಬೇಗ ಕರೆತಂದಿತು. ಬಂದರು, ಹೊಸ ವೈರಸ್ ಕಂಡುಹಿಡಿದರು, ರಕ್ತ ಹೀರುವ ಉಣುಗಿನಿಂದ ಹರಡುತ್ತದೆ ಎಂದು ತೋರಿಸಿದರು. ಅವರಿಗೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಲೋಕಕ್ಕೆ ಹೆದರಿಕೆ ಇದ್ದಾಗ ಹಣ ಹರಿಯುತ್ತದೆ, ಆ ಹೆದರಿಕೆ ನಮ್ಮ ಊರಿನದು ಮಾತ್ರ ಎಂದಾದ ಮೇಲೆ ಒಸರು ನಿಲ್ಲುತ್ತದೆ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲ ಎಂದು ನಿಂತುಹೋಗಿದೆ. ಹೊಸದಕ್ಕೆ ಕಾಯುತ್ತಾ ನಾವು ಉಣುಗು ಅಂಟದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆಯ ಬಾಟಲಿ ಹಿಡಿದು ಮನೆ ಮನೆ ಹತ್ತುತ್ತೇವೆ. ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆ ಹಲವರನ್ನು ಬಲಿ ತೆಗೆದುಕೊಂಡ ಆ ಬೇಸಿಗೆಯನ್ನು, 2019ರದನ್ನು, ನಾನು ಮರೆತಿಲ್ಲ.

ಒಮ್ಮೆ ಬೇರೆ ರೀತಿಯದ್ದನ್ನೂ ಕಂಡಿದ್ದೇವೆ. ಬ್ರಿಟನ್ನಿನ ಅನುದಾನದಲ್ಲಿ ನಮ್ಮ ದೇಶದ ಸಂಶೋಧಕರೂ ಸೇರಿ ಮಾಡಿದ ಮಂಗನ ಕಾಯಿಲೆಯ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳವರನ್ನು ಜೊತೆಗೆ ಕೂರಿಸಿಕೊಂಡು, ಯಾವ ಪ್ರಶ್ನೆ ಕೇಳಬೇಕು ಎನ್ನುವುದನ್ನೇ ಒಟ್ಟಿಗೆ ತೀರ್ಮಾನಿಸಿದ ಕೆಲಸ ಅದು. ತೇವದ ಕಾಡು ಮತ್ತು ತೋಟ ಬೆರೆತಿರುವ, ನಾಟಿ ದನಗಳು ಹೆಚ್ಚಿರುವ ಕಡೆ ಅಪಾಯ ಹೆಚ್ಚು ಎಂದು ನಕ್ಷೆಯಲ್ಲಿ ತೋರಿಸಿದರು. ಆ ನಕ್ಷೆ ನೋಡಿದಾಗ ನನಗೆ ನನ್ನ ಊರು ಕಂಡಿತು. ಕಾಡಂಚಿನಲ್ಲಿ ಮನೆ, ಹಿಂದೆ ಕೊಟ್ಟಿಗೆ, ಕೊಟ್ಟಿಗೆಗೆ ತರಗೆಲೆ ಹೊತ್ತು ತರುವ ಹೆಂಗಸರು. ಅವರನ್ನು ಕೇಳದೆ ಬರೆದ ಪಟ್ಟಿಯಲ್ಲಿ ಆ ತರಗೆಲೆಯ ಹೊರೆ ಎಂದಿಗೂ ಬರುವುದಿಲ್ಲ.

ಶಂಕರಘಟ್ಟದ ದಾರಿ

ನಾನು ಕುವೆಂಪು ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ, ಭೌತಶಾಸ್ತ್ರ. ಎಲ್ಲರೂ ಅಡಿಕೆ, ಉಣುಗು ಎನ್ನುತ್ತಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ, ನನಗೆ ಭಯವಾಗುತ್ತಿದೆ.

ಪ್ರಾದೇಶಿಕ ಎಂದರೆ ಸಮಸ್ಯೆ ಈ ಊರಿನದಾಗಿರಬೇಕೋ, ಸಂಶೋಧಕ ಈ ಊರಿನವನಾಗಿದ್ದರೆ ಸಾಕೋ? ನಾನು ಗಾಜಿನೊಳಗೆ ಅಪರೂಪದ ಲೋಹಗಳ ಅಯಾನುಗಳನ್ನು ಸೇರಿಸಿ ಅವು ಬೆಳಗುವ ಬಗೆಯನ್ನು ಅಭ್ಯಾಸ ಮಾಡುತ್ತೇನೆ. ಅದರಿಂದ ಶಿವಮೊಗ್ಗಕ್ಕೆ ಏನು ಲಾಭ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಹಾಗಾದರೆ ಬೆಂಗಳೂರಿನ ಹುಡುಗ ನಕ್ಷತ್ರ ನೋಡಬಹುದು, ಭದ್ರಾವತಿಯ ಹುಡುಗ ಅಡಿಕೆ ಸಿಪ್ಪೆಯನ್ನೇ ನೋಡಬೇಕು ಎಂದಾಗುತ್ತದೆ. ಪ್ರದೇಶಕ್ಕೆ ಅಂಕ ಹೆಚ್ಚಿಸಿ ಎನ್ನುವವರು ಈ ಬೇಲಿಯನ್ನೂ ಯೋಚಿಸಬೇಕು.

ಅಮೆರಿಕದಲ್ಲಿ ಇದಕ್ಕೆ ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ 1950ರ ಕಾಯಿದೆಯಲ್ಲೇ ಸಂಶೋಧನೆ ಕೆಲವೇ ಕಡೆ ಗುಡ್ಡೆ ಬೀಳಬಾರದು ಎಂಬ ಮಾತಿದೆ. 1979ರಲ್ಲಿ, ಕಡಿಮೆ ಹಣ ಸಿಗುತ್ತಿದ್ದ ರಾಜ್ಯಗಳಿಗೆಂದೇ ಎಪ್ಸ್‌ಕಾರ್ ಎಂಬ ಪ್ರತ್ಯೇಕ ಯೋಜನೆ ತಂದರು. ವಿಷಯ ಯಾವುದೇ ಇರಲಿ, ಆ ರಾಜ್ಯದಲ್ಲಿ ಸಂಶೋಧನೆಯ ಶಕ್ತಿ ಬೆಳೆಯಲಿ ಎನ್ನುವುದು ಅದರ ಗುರಿ. ನಮ್ಮಲ್ಲೂ ರಾಜ್ಯ ವಿಶ್ವವಿದ್ಯಾಲಯಗಳಿಗೆ ಬೇರೆಯೇ ಅನುದಾನ ಇಟ್ಟ ‘ಶ್ಯೂರ್’ ಯೋಜನೆ ಬಂದಿತು. 2023ರ ಕಾಯಿದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದು ಹೇಳಿದ್ದಾರೆ, ಅದರಲ್ಲಿ ಹೆಚ್ಚಿನ ಪಾಲು ಉದ್ಯಮ, ದಾನಿಗಳಂತಹ ಸರ್ಕಾರದ ಹೊರಗಿನ ಮೂಲಗಳಿಂದ ಬರಬೇಕು. ಉದ್ಯಮ ಹಣ ಹಾಕುವಾಗ ಯಾವ ಊರಿನ ಯಾವ ಪ್ರಶ್ನೆಗೆ ಹಾಕುತ್ತದೆ ಎನ್ನುವುದೇ ನನ್ನ ಚಿಂತೆ.

ಹಾಳೆಟೊಪ್ಪಿ

ತಮ್ಮಾ, ನೀನು ನಕ್ಷತ್ರ ನೋಡು, ನಾನು ಬೇಡ ಎನ್ನುವವನಲ್ಲ. ನನ್ನ ಮಗಳೂ ಗಣಿತ ಓದುತ್ತಿದ್ದಾಳೆ. ಆದರೆ ಮಲೆನಾಡಿನ ಹೆಸರು ಹೇಳಿ ಹಣ ತಂದ ಮೇಲೆ ಮಲೆನಾಡಿನ ತೋಟ ಒಣಗಿದರೆ ಆ ಹೆಸರಿಗೆ ಏನು ಅರ್ಥ?

ಶಂಕರಘಟ್ಟದ ದಾರಿ

ಅದನ್ನು ಒಪ್ಪುತ್ತೇನೆ ಅಣ್ಣ. ಹಾಗಾದರೆ ಎರಡು ಚೀಲ ಬೇಕು. ಒಂದು ಊರಿನ ಪ್ರಶ್ನೆಗಳಿಗೆ, ಇನ್ನೊಂದು ಊರಿನ ಸಂಶೋಧಕರಿಗೆ. ಎರಡನ್ನೂ ಒಂದೇ ಅಂಕಪಟ್ಟಿಯಲ್ಲಿ ತೂಗುವುದರಿಂದ ನಾವಿಬ್ಬರೂ ಜಗಳಕ್ಕೆ ಬೀಳುತ್ತೇವೆ.

ಇನ್ನೊಂದು ಸಂಗತಿ. ಆಯ್ಕೆಯಾದ ಮೇಲೂ ಕಷ್ಟ ಮುಗಿಯುವುದಿಲ್ಲ. ನನ್ನ ಸ್ನೇಹಿತೆ ಉಣುಗಿನ ಮೇಲೆ ಕೆಲಸ ಮಾಡುವವಳು. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದುಕೊಂಡು ಹೋಗಿ, ಹತ್ತು ಹೆಜ್ಜೆಗೊಮ್ಮೆ ಮಗುಚಿ, ಅಂಟಿಕೊಂಡ ಸಾಸಿವೆಗಿಂತ ಚಿಕ್ಕ ಮರಿಗಳನ್ನು ಚಿಮುಟದಲ್ಲಿ ಹೆಕ್ಕಬೇಕು. ಆ ಮರಿಗಳು ಹೆಚ್ಚಾಗಿ ಸಿಗುವುದು ನವೆಂಬರಿನಿಂದ ಮೇ ತಿಂಗಳವರೆಗೆ. ಅವಳ ಮಾರ್ಗದರ್ಶಕರಿಗೆ ಮಂಜೂರಾತಿ ಪತ್ರ ಬಂದದ್ದು ಅಕ್ಟೋಬರಿನಲ್ಲಿ, ಮೊದಲ ಕಂತು ಕೈಗೆ ಸಿಕ್ಕಿದ್ದು ಮೇ ಕೊನೆಯಲ್ಲಿ. ಎರಡು ವರ್ಷದ ಪ್ರಾಜೆಕ್ಟಿನಲ್ಲಿ ಒಂದು ಋತು ಹಾಗೇ ಹೋಯಿತು. ಗಡುವು ಮಾತ್ರ ಒಂದು ದಿನವೂ ಮುಂದೆ ಹೋಗಲಿಲ್ಲ.

ತುಂಗಾತೀರ

ನನ್ನದೂ ಅದೇ ಲೆಕ್ಕ. ಎಲೆಚುಕ್ಕೆಗೆ ಬೇಕಾದದ್ದು ಮಳೆಗಾಲ. ಮುಂಗಾರಿಗೆ ಮೊದಲು ಸ್ಲೈಡ್ ಕಟ್ಟದಿದ್ದರೆ ಆ ವರ್ಷ ಇಲ್ಲ. ಅಂಕ ಕೊಡುವವರು ವಿಧಾನವನ್ನು ನೋಡುತ್ತಾರೆ, ಆ ವಿಧಾನ ಯಾವ ತಿಂಗಳಲ್ಲಿ ನಡೆಯಬೇಕು ಎಂದು ಕೇಳುವುದಿಲ್ಲ.

ಮಾಜಿ ಪರಿಶೀಲಕ

ತಿಂಗಳ ಮಾತು ನನ್ನನ್ನು ಚುಚ್ಚಿತು. ಅಷ್ಟು ವರ್ಷ ಸಮಿತಿಗಳಲ್ಲಿ ಕೂತರೂ ಯಾವ ಪ್ರಸ್ತಾವನೆಯ ಮುಂದೆಯೂ ‘ಹಣ ಇಂತಹ ತಿಂಗಳೊಳಗೆ ಬಿಡುಗಡೆಯಾಗಬೇಕು’ ಎಂದು ನಾನು ಬರೆದಿಲ್ಲ. ಬರೆಯಬಹುದಾಗಿತ್ತು.

ಚೀಟಿಯ ವಿಷಯದಲ್ಲಿ ಕಾನುಮನೆಯವರಿಗೆ ನನ್ನ ಅರ್ಧ ಒಪ್ಪಿಗೆ ಇದೆ. ಗಡಿಯಲ್ಲಿ ನಿಂತ ಪ್ರಸ್ತಾವನೆಗಳಿಗೆ ಸಮಿತಿಯ ಸದಸ್ಯರು ಕಾರಣ ಹುಡುಕುವುದನ್ನು ಕಂಡಿದ್ದೇನೆ. ಆ ಕಾರಣಗಳು ಹೆಚ್ಚಾಗಿ ಪರಿಚಯದ ಸಂಸ್ಥೆಯ ಕಡೆಗೇ ವಾಲುತ್ತವೆ. ಕೆಟ್ಟ ಮನಸ್ಸಿನಿಂದಲ್ಲ, ಗೊತ್ತಿರುವ ಹೆಸರು ಕಂಡಾಗ ಧೈರ್ಯ ಬರುತ್ತದೆ. ಹಿಂದೆ ಪಡೆದವರಿಗೇ ಮತ್ತೆ ಮತ್ತೆ ಸಿಗುವುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲೇ ಗುರುತಿಸಿದ್ದರು. ಸಾಧನೆಗೆ 30, ಸೌಲಭ್ಯಕ್ಕೆ 20 ಎಂದು ಇಟ್ಟರೆ ಅದು ನಿಯಮವೇ ಆಗಿಬಿಡುತ್ತದೆ. ಈ ಮಾತಿನಲ್ಲಿ ತುಂಗಾತೀರ ಅವರು ಸರಿ. ಸೌಲಭ್ಯವನ್ನು ‘ಈ ಕೆಲಸಕ್ಕೆ ಬೇಕಾದದ್ದು ಇದೆಯೇ, ಇಲ್ಲವೇ’ ಎಂದು ನೋಡಿ ಬಿಟ್ಟುಬಿಡಬೇಕು, ಅಂಕ ಕೊಡಬಾರದು.

ಆದರೆ ಮೇಡಂ, 41 ಕೊಟ್ಟವರನ್ನು ಪೂರ್ತಿ ತಳ್ಳಿಹಾಕಬೇಡಿ. ನೀವು ಇಲ್ಲಿ ಬರೆದ ನಾಲ್ಕು ಸಾಲಿನಲ್ಲೇ ನನಗೊಂದು ಕೊರತೆ ಕಾಣುತ್ತಿದೆ. ಆ 12 ತೋಟಗಳಲ್ಲಿ ರೋಗ ಬಾರದ ತೋಟಗಳು ಎಷ್ಟು?

ತುಂಗಾತೀರ

ಒಂದೂ ಇಲ್ಲ. 12ರಲ್ಲೂ ರೋಗ ಇದೆ.

ಮಾಜಿ ಪರಿಶೀಲಕ

ಹಾಗಿದ್ದರೆ ಹೋಲಿಕೆಗೆ ಏನಿದೆ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಶಿವಮೊಗ್ಗ ಪೇಟೆಗೆ ಬಂದರೆ ಅದರ ಏಳರಲ್ಲಿ ಒಂದು ಪಾಲೂ ಇಲ್ಲ. ಒಂದೇ ಜಿಲ್ಲೆಯೊಳಗೆ ಇಂತಹ ಏರಿಳಿತ ಜಗತ್ತಿನಲ್ಲಿ ಎಷ್ಟು ಕಡೆ ಸಿಗುತ್ತದೆ? ರೋಗ ಇರುವ ಆರು, ಇಲ್ಲದ ಆರು ತೋಟಗಳನ್ನು ಮಳೆಯ ಈ ಏಣಿಯ ಮೇಲೆ ಇಟ್ಟಿದ್ದರೆ ನಾವೀನ್ಯತೆ ಸಾಲದು ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಪರಿಶೀಲಕರು ಇದನ್ನು ಬರೆದು ತಿಳಿಸಬೇಕಿತ್ತು. ಒಂದು ಸಾಲು ಬರೆದು ಕೈತೊಳೆದುಕೊಂಡದ್ದು ಅವರ ತಪ್ಪು. ಆದರೆ ಕೊರತೆ ಇತ್ತು.

ತುಂಗಾತೀರ

ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ರಾತ್ರಿ ಬೇಕಾಯಿತು. ಸರ್, ನೀವು ಹೇಳಿದ್ದು ನಿಜ. ಇದೇ ಮಾತು ಆ ಪತ್ರದಲ್ಲಿ ಇದ್ದಿದ್ದರೆ ಈ ವರ್ಷವೇ ತಿದ್ದಿ ಕಳುಹಿಸುತ್ತಿದ್ದೆ.

ಕಾನುಮನೆ

ಮುಂದಿನ ಬಾರಿ ಪೂರ್ವಭಾವಿ ದತ್ತಾಂಶ ಕೇಳುತ್ತಾರೆ. ಹಣವಿಲ್ಲದೆ ದತ್ತಾಂಶವಿಲ್ಲ, ದತ್ತಾಂಶವಿಲ್ಲದೆ ಹಣವಿಲ್ಲ. ಇದಕ್ಕಾದರೂ ಸಣ್ಣ ಮೊತ್ತದ ಅನುದಾನಗಳು ಬೇಕು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಚಿಕ್ಕ ಚಿಕ್ಕ ನೆರವು ಕೊಡುತ್ತಾ ಬಂದಿದೆ. ಅಧ್ಯಾಪಕರಿಗೂ ಹಾಗೊಂದು ಇದ್ದರೆ, ಒಂದು ಮಳೆಗಾಲಕ್ಕೆ ಒಂದು ಲಕ್ಷ, ಎರಡು ಪುಟದ ಅರ್ಜಿ.

ಹಾಳೆಟೊಪ್ಪಿ

ಪೂರ್ವಭಾವಿ ದತ್ತಾಂಶ ಎಂದರೆ ಏನು? ಮೊದಲೇ ಬರೆದಿಟ್ಟ ಲೆಕ್ಕವೇ?

ಹಾಗಾದರೆ ನನ್ನ ಹತ್ತಿರ ಒಂದು ಪುಸ್ತಕ ಇದೆ. 1998ರಿಂದ ದಿನವೂ ಬೆಳಿಗ್ಗೆ ಎಂಟಕ್ಕೆ ಮಳೆಮಾಪಕ ನೋಡಿ ಬರೆದಿದ್ದೇನೆ. ಔಷಧಿ ಹೊಡೆಸಿದ ತಾರೀಖು, ಕೊಳೆ ಕಂಡ ದಿನ, ಎಲೆಚುಕ್ಕೆ ಮೊದಲು ಯಾವ ಮೂಲೆಯ ಯಾವ ಮರದಲ್ಲಿ ಕಂಡಿತು ಎನ್ನುವುದೂ ಅದರಲ್ಲಿ ಇದೆ. ನಮ್ಮ ಕಡೆ ಹೀಗೆ ಬರೆಯುವವರು ಇನ್ನೂ ಮೂವರನ್ನು ಬಲ್ಲೆ. ಅವರಲ್ಲಿ ಒಬ್ಬರ ತೋಟಕ್ಕೆ ರೋಗ ಇನ್ನೂ ಬಂದಿಲ್ಲ.

ಶಂಕರಘಟ್ಟದ ದಾರಿ

ಅಣ್ಣ, ಇಷ್ಟು ವರ್ಷದಲ್ಲಿ ಬಿಟ್ಟುಹೋದ ದಿನಗಳು ಇಲ್ಲವೇ? ಲೆಕ್ಕ ಹಾಕುವಾಗ ಅದು ಮುಖ್ಯವಾಗುತ್ತದೆ.

ಹಾಳೆಟೊಪ್ಪಿ

ಇವೆ. 2009ರಲ್ಲಿ ಮರ ಬಿದ್ದು ಮಾಪಕ ಒಡೆಯಿತು, ಹೊಸದು ತರುವವರೆಗೆ ಎರಡು ತಿಂಗಳು ಇಲ್ಲ. ಹೆಂಡತಿ ಆಸ್ಪತ್ರೆಯಲ್ಲಿದ್ದಾಗ 19 ದಿನ ಇಲ್ಲ. ಆ ಜಾಗವನ್ನು ಅಂದಾಜಿನಲ್ಲಿ ತುಂಬಿಸಿಲ್ಲ, ಖಾಲಿ ಬಿಟ್ಟಿದ್ದೇನೆ.

ತುಂಗಾತೀರ

ಖಾಲಿ ಬಿಟ್ಟದ್ದು ದೊಡ್ಡ ಉಪಕಾರವಾಯಿತು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುತ್ತೇನೆ. ಪುಸ್ತಕವನ್ನು ನಿಮ್ಮ ಜಗಲಿಯಲ್ಲೇ ಕೂತು ನಕಲು ಮಾಡಿಕೊಳ್ಳುತ್ತೇವೆ, ಊರಿಂದ ಹೊರಗೆ ಒಯ್ಯುವುದಿಲ್ಲ. ರೋಗ ಬಾರದ ಆ ತೋಟದ ಯಜಮಾನರಿಗೂ ಒಂದು ಮಾತು ಹೇಳಿಡಿ.